ಬಾವುಟದಕ್ಕ ಸೇತುವೆ ಮುಚ್ಚಿದ ದಿನ

ಆ ದಿನ ಅವಳನ್ನು ಬೈದವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಹೊರಟರೆ ನಾಲಿಗೆ ಏಳುವುದಿಲ್ಲ.

ಆಚೆ ದಡದ ಸರ್ಕಾರಿ ಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಮನೆ ಈಚೆ ದಡದ ಊರಲ್ಲಿ. ನಡುವೆ ನದಿ, ನದಿಗೆ ಒಂದೇ ಸೇತುವೆ. ಹನ್ನೊಂದು ವರ್ಷ, ದಿನಕ್ಕೆರಡು ಸಲ, ಬಸ್ಸಿನ ಕಿಟಕಿಯಿಂದ ಅವಳನ್ನು ನೋಡಿದ್ದೇನೆ. ಸೇತುವೆಯ ಬಾಯಲ್ಲಿ ನಿಂತಿರುತ್ತಿದ್ದಳು. ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ಹಸಿರು. ತಲೆಗೆ ಬಿಗಿದ ಬಟ್ಟೆ. ಇಲಾಖೆ ಕೊಟ್ಟ ಕಿತ್ತಳೆ ಜಾಕೀಟು ಬಿಸಿಲು ತಿಂದೂ ತಿಂದೂ ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಸೇತುವೆಯ ಅಗಲ ಒಂದು ಲಾರಿಯಷ್ಟೇ. ಈಚೆಯಿಂದ ಬಿಟ್ಟರೆ ಆಚೆ ನಿಲ್ಲಿಸಬೇಕು, ಆಚೆಯಿಂದ ಬಿಟ್ಟರೆ ಈಚೆ. ಆಚೆ ಬಾಯಲ್ಲಿ ಇನ್ನೊಬ್ಬ ಕಾವಲುಗಾರನಿದ್ದ. ನಿವೃತ್ತಿಗೆ ಆರು ತಿಂಗಳಿದ್ದ ಮುದುಕ, ಕೊರಳಲ್ಲಿ ಸದಾ ಒಂದು ಸೀಟಿ. ಅವನನ್ನು ಎಲ್ಲರೂ ಸೀಟಿ ಮಾವ ಎನ್ನುತ್ತಿದ್ದರು, ಇವಳನ್ನು ಬಾವುಟದಕ್ಕ.

ಅವಳ ಗಂಡನೂ ಅದೇ ಜಾಗದಲ್ಲಿ ಹದಿನಾಲ್ಕು ವರ್ಷ ನಿಂತವನು. ಒಂದು ಮಧ್ಯಾಹ್ನ ಅವಸರದ ಲಾರಿಯೊಂದರ ಪಕ್ಕದ ಕನ್ನಡಿ ತಲೆಗೆ ಬಡಿದು ತೀರಿಹೋದ. ನಿಲ್ಲುವುದಕ್ಕೆ ಅಲ್ಲಿ ಒಂದು ಗೇಣು ಜಾಗವೂ ಇರಲಿಲ್ಲ. ಇಲಾಖೆಯವರು ಅನುಕಂಪದ ಮೇಲೆ ಹೆಂಡತಿಗೆ ಕೆಲಸ ಕೊಟ್ಟರು. ಎಂಥ ಅನುಕಂಪ ನೋಡಿ: ಅದೇ ಬಾವುಟ, ಅದೇ ಗೇಣು ಜಾಗ. "ನನ್ನ ಗಂಡನ ಚಪ್ಪಲಿ ಸವೆದ ಜಾಗದಲ್ಲೇ ನಂದೂ ಸವೀತಾ ಇದೆ ಮೇಷ್ಟ್ರೇ" ಎಂದು ಒಮ್ಮೆ ಹೇಳಿದ್ದಳು. ನಗುತ್ತಲೇ ಹೇಳಿದ್ದಳು, ಆದರೆ ಹಲ್ಲು ಮಾತ್ರ ಕಂಡಿತ್ತು, ಕಣ್ಣು ನಕ್ಕಿರಲಿಲ್ಲ.

ಅವಳು ಕೆಲಸಕ್ಕೆ ಸೇರಿದಾಗ ದಿನಕ್ಕೆ ನಾಲ್ಕು ಬಸ್ಸು, ಬೆರಳೆಣಿಕೆಯ ಲಾರಿ, ಉಳಿದದ್ದೆಲ್ಲ ಸೈಕಲ್ಲು. ಮಧ್ಯಾಹ್ನ ಬಾವುಟ ಬದಿಗಿಟ್ಟು ಸೇತುವೆಯ ಕಟ್ಟೆಗೆ ಒರಗಿ ಕಣ್ಣು ಮುಚ್ಚಬಹುದಿತ್ತಂತೆ. ಆಮೇಲೆ ಆಚೆ ದಡದಲ್ಲಿ ಕಾರ್ಖಾನೆಗಳೆದ್ದವು. ಒಂದರ ಬೆನ್ನಿಗೆ ಒಂದು: ಬಿಡಿಭಾಗದ್ದು, ಬಟ್ಟೆಯದು, ಪ್ಯಾಕಿಂಗಿನದು, ಶೀತಲ ಗೋದಾಮು. ಈಚೆ ದಡದಲ್ಲಿ ಇಪ್ಪತ್ತು ಮಹಡಿಯ ವಸತಿ ಕಟ್ಟಡಗಳು. ದೇಶದ ಬೆಳವಣಿಗೆಯ ದರ ಇಷ್ಟು, ಮುಂದಿನ ವರ್ಷ ಅಷ್ಟು ಎಂದು ಪತ್ರಿಕೆಗಳು ಮುಖಪುಟದಲ್ಲಿ ಅಂಕಿ ಹಾಕುತ್ತಿದ್ದವು. ಅದೇ ಅಂಕಿ ಕೊಟ್ಟು ನಾನು ಮಕ್ಕಳಿಗೆ ಶೇಕಡಾವಾರು ಲೆಕ್ಕ ಮಾಡಿಸುತ್ತಿದ್ದೆ. ಊರಿನಿಂದ ಸೇತುವೆಯ ಬಾಯಿಯವರೆಗೆ ಆರು ಸಾಲಿನ ರಸ್ತೆ ಬಂತು. ಆಚೆ ಬಾಯಿಂದ ಕಾರ್ಖಾನೆಗಳವರೆಗೂ ಆರು ಸಾಲು. ನಡುವೆ ನದಿಯ ಮೇಲೆ ಮಾತ್ರ ಮುತ್ತಜ್ಜನ ಕಾಲದ ಒಂದೇ ಸಾಲು! ಯಾಕೆ ಎಂದು ಕೇಳಿದರೆ, ರಸ್ತೆ ಒಂದು ಇಲಾಖೆಯದು, ಸೇತುವೆ ಇನ್ನೊಂದರದು, ನದಿ ಮೂರನೆಯವರದು. ಮೂವರೂ ಒಂದೇ ಮೇಜಿಗೆ ಕೂರುವ ದಿನ ಬರಲೇ ಇಲ್ಲ.

ಹೊಸ ಸೇತುವೆಗೆ ಶಂಕುಸ್ಥಾಪನೆ ಮಾತ್ರ ಮೂರು ಸಲ ಆಗಿತ್ತು. ಮೂರು ಕಲ್ಲುಗಳು ದಡದಲ್ಲಿ ಸಾಲಾಗಿ ನಿಂತಿದ್ದವು, ಮೂರಕ್ಕೂ ಮೂರು ಹೆಸರು. ನಡುವಿನ ಕಲ್ಲು ಸ್ವಲ್ಪ ಅಗಲ. ಬಾವುಟದಕ್ಕ ಅದರ ಮೇಲೆ ಊಟದ ಡಬ್ಬಿ ಇಟ್ಟುಕೊಳ್ಳುತ್ತಿದ್ದಳು. "ಇಷ್ಟಾದ್ರೂ ಉಪಯೋಗಕ್ಕೆ ಬಂತಲ್ಲ" ಎನ್ನುವಳು.

ಹಳೇ ಸೇತುವೆಯ ಬಾಯಲ್ಲಿ ಹನ್ನೆರಡು ಟನ್ನಿನ ಮೇಲೆ ಪ್ರವೇಶವಿಲ್ಲ ಎಂಬ ಫಲಕವಿತ್ತು. ಅದರ ಕೆಳಗೇ ನಲವತ್ತು ಟನ್ನಿನ ಕಂಟೇನರು ಲಾರಿಗಳು ಹಾದುಹೋಗುತ್ತಿದ್ದವು. ಅವಳು ಮೊದಮೊದಲು ತಡೆಯುತ್ತಿದ್ದಳು. ತಡೆದಾಗಲೆಲ್ಲ ಕಾರ್ಖಾನೆಯಿಂದ ಇಲಾಖೆಗೆ ಫೋನು, ಇಲಾಖೆಯಿಂದ ಇವಳಿಗೆ ಫೋನು. "ಲಾರಿ ಎಷ್ಟು ಭಾರ ಅಂತ ನೋಡೋದು ನಿನ್ನ ಕೆಲಸ ಅಲ್ಲಮ್ಮ. ಬಾವುಟ ಹಿಡಿಯೋದಷ್ಟೇ ನಿನ್ನ ಕೆಲಸ." ಹೀಗೆ ಹೇಳುತ್ತಿದ್ದವನು ಕಚೇರಿಯ ಕಿರಿಯ ಇಂಜಿನಿಯರು. ಸಣ್ಣ ವಯಸ್ಸು, ಸೌಮ್ಯ ಮುಖ. ದೊಡ್ಡವರು ಹೇಳಿದ್ದನ್ನು ಹಾಗೇ ಇವಳ ಕಿವಿಗೆ ಸುರಿದು, ಆಮೇಲೆ ತಾನೇ ತಲೆ ತಗ್ಗಿಸಿಕೊಳ್ಳುತ್ತಿದ್ದ.

ಇನ್ನೊಂದು ಅನ್ಯಾಯ ನೀರಿನ ಮಟ್ಟದಲ್ಲಿ ನಡೆಯುತ್ತಿತ್ತು. ಇಪ್ಪತ್ತು ಮಹಡಿಯ ಕಟ್ಟಡಗಳಿಗೆ ಮರಳು ಬೇಕಲ್ಲ, ಅದು ನದಿಯಿಂದಲೇ ಹೋಗುತ್ತಿತ್ತು. ಸೇತುವೆಯ ಸುತ್ತ ಇಂತಿಷ್ಟು ದೂರ ತೋಡಬಾರದೆಂದು ನಿಯಮವಿದ್ದರೂ ಯಂತ್ರಗಳು ಕಂಬದ ಬುಡಕ್ಕೇ ಬಾಯಿ ಹಾಕಿದವು. ಮೂರನೇ ಕಂಬದ ಸುತ್ತ ಮರಳು ಹೋಗಿ ಹೋಗಿ, ಯಾವತ್ತೂ ಬೆಳಕು ಕಾಣದ ಬುನಾದಿಯ ಕಲ್ಲುಗಳು ಒಸಡು ಹೋದ ಹಲ್ಲಿನ ಹಾಗೆ ಮೇಲೆದ್ದು ಕಂಡವು. ಬಾವುಟದಕ್ಕ ಇದನ್ನು ಕಾಗದದ ಮೇಲೆ ಬರೆಸಿ ಕೊಟ್ಟಳು. ಒಂದು ಸಲವಲ್ಲ, ನಾಲ್ಕು ಸಲ. ಎರಡನ್ನು ಬರೆದುಕೊಟ್ಟವನು ನಾನೇ. "ಪರಿಶೀಲನೆಯಲ್ಲಿದೆ" ಎಂಬ ಒಂದು ಸಾಲೂ ಮರಳಿ ಬರಲಿಲ್ಲ.

ಹೀಗಿರುವಾಗ ಬಂದ ಒಂದು ಸೋಮವಾರ ಅದು. ಬೇರೆ ದೇಶದ ಬಂಡವಾಳಗಾರರ ತಂಡವೊಂದು ಮಧ್ಯಾಹ್ನ ಹನ್ನೆರಡಕ್ಕೆ ಸೇತುವೆ ದಾಟಿ ಕಾರ್ಖಾನೆಗಳನ್ನು ನೋಡಲು ಹೋಗುವುದಿತ್ತು. ಹಿಂದಿನ ದಿನ ಇಲಾಖೆಯವರು ಬಂದು ಸೇತುವೆಯ ಕಟ್ಟೆಗೆ ಉದ್ದಕ್ಕೂ ಹಳದಿ, ಕಪ್ಪು ಪಟ್ಟೆ ಬಳಿಸಿದ್ದರು. ಬಿರುಕುಗಳಿಗೆ ಸುಣ್ಣದ ಗಾರೆ ಮೆತ್ತಿ ಅದರ ಮೇಲೆ ಬಣ್ಣ. ಬಾವುಟದಕ್ಕ ಬೆಳಿಗ್ಗೆ ಕೆಲಸಕ್ಕೆ ಬಂದವಳು ಎಂದಿನಂತೆ ಸೇತುವೆಯ ಉದ್ದಕ್ಕೆ ಒಮ್ಮೆ ನಡೆದಳು. ಮೂರನೇ ಕಂಬದ ಮೇಲೆ ಬಂದಾಗ ಕಾಲು ತಾನಾಗಿ ನಿಂತಿತು. ಹೊಸ ಬಣ್ಣ ಸೀಳಿತ್ತು. ನಿನ್ನೆ ಸಂಜೆ ಹಸಿಯಾಗಿ ಹೊಳೆಯುತ್ತಿದ್ದ ಹಳದಿಯ ನಡುವೆ, ಮೇಲಿನಿಂದ ಕೆಳಗಿನವರೆಗೆ, ಬೆರಳು ತೂರುವಷ್ಟು ಸೀಳು.

ಹಳೇ ಬಿರುಕಾಗಿದ್ದರೆ ಬಣ್ಣದ ಕೆಳಗಿರಬೇಕಿತ್ತು. ಇದು ಬಣ್ಣವನ್ನೂ ಹರಿದಿದೆ ಎಂದಮೇಲೆ ಸೇತುವೆ ನಿನ್ನೆಯಿಂದ ಇವತ್ತಿಗೆ ಕದಲಿದೆ. ಇಷ್ಟು ತಿಳಿಯಲು ಅವಳಿಗೆ ಇಂಜಿನಿಯರಿಂಗ್ ಓದಬೇಕಿರಲಿಲ್ಲ.

ಅವಳು ಮಂಡಿಯೂರಿ ರಸ್ತೆಯ ಜಾಯಿಂಟು ನೋಡಿದಳು. ಸೇತುವೆಯ ಎರಡು ತುಂಡುಗಳು ಕೂಡುವ ಆ ಸಂದಿನಲ್ಲಿ ಚಳಿಗಾಲಕ್ಕೆ ಮೂರು ಬೆರಳು, ಬೇಸಿಗೆಗೆ ಎರಡು ಬೆರಳು ಹಿಡಿಯುತ್ತದೆಂದು ಹತ್ತೊಂಬತ್ತು ವರ್ಷದಿಂದ ಅವಳಿಗೆ ಗೊತ್ತು. ಅಂದು ಇಡೀ ಅಂಗೈ ಇಳಿಯಿತು. ಒಂದು ತುಂಡು ಇನ್ನೊಂದಕ್ಕಿಂತ ಒಂದು ಅಂಗುಲ ತಗ್ಗಿತ್ತು. ಅಷ್ಟರಲ್ಲಿ ಲಾರಿಯೊಂದು ಸೇತುವೆ ಏರಿತು. ಅಂಗೈಗೆ ಕೆಳಗಿನ ಕಂಬ ಕುಂಯ್‌ಗುಟ್ಟಿದ್ದು ತಿಳಿಯಿತು.

ಅವಳು ಕಚೇರಿಗೆ ಫೋನು ಮಾಡಿದಳು. ಎಲ್ಲರೂ ಅತಿಥಿಗಳನ್ನು ಎದುರುಗೊಳ್ಳಲು ಹೋಗಿದ್ದಾರೆ, ನಾಳೆ ಮಾಡಿ ಎಂದು ಉತ್ತರ ಬಂತು. ಫೋನು ಜೇಬಿಗೆ ಹಾಕಿ ಅವಳು ಸೀಟಿ ಮಾವನ ಕಡೆಗೆ ಓಡಿದಳು.

"ಮಾವ, ಕೆಂಪು ಎತ್ತು. ನಾನು ಹೇಳೋವರೆಗೂ ಇಳಿಸಬೇಡ."

"ಎಷ್ಟೊತ್ತು?"

"ಗೊತ್ತಿಲ್ಲ. ಮೂರನೇ ಕಂಬ ಕೂತಿದೆ."

ಮುದುಕ ಅವಳ ಮುಖ ನೋಡಿದ. "ನನಗೆ ಇನ್ನಾರು ತಿಂಗಳು ಸರ್ವೀಸು ಅಷ್ಟೇ ಕಣಮ್ಮ."

"ಅದರ ಮೇಲೆ ಹೋಗೋರಿಗೆ ಆರು ನಿಮಿಷವೂ ಇಲ್ಲ ಮಾವ."

ಸೀಟಿ ಮಾವ ಬಾವುಟ ಎತ್ತಿ, ಕೆನ್ನೆ ಉಬ್ಬಿಸಿ, ಇಷ್ಟು ವರ್ಷ ಉಳಿಸಿಕೊಂಡ ಉಸಿರನ್ನೆಲ್ಲ ಸೀಟಿಗೆ ಸುರಿದ. ಸೇತುವೆಯ ಮೇಲಿದ್ದ ಗಾಡಿಗಳು ಇಳಿದು ಹೋದಮೇಲೆ ಇವಳು ಈಚೆ ಬಂದು ರಸ್ತೆಗೆ ಅಡ್ಡಲಾಗಿ ಎರಡು ಖಾಲಿ ಡಾಂಬರು ಡ್ರಮ್ಮು ಉರುಳಿಸಿ, ನಡುವೆ ಕೆಂಪು ಹಿಡಿದು ನಿಂತಳು. ಆಗ ಒಂಬತ್ತೂವರೆ.

ಹತ್ತು ಗಂಟೆಗೆ ಸಾಲು ನಾಲ್ಕು ಕಿಲೋಮೀಟರು ಬೆಳೆದಿತ್ತು. ನನ್ನ ಬಸ್ಸು ಮುಂದಿನಿಂದ ಒಂಬತ್ತನೆಯದು. ನಾನು ಇಳಿದು ಮುಂದಕ್ಕೆ ಹೋದೆ. ಆ ದಿನ ಮಕ್ಕಳಿಗೆ ಪರೀಕ್ಷೆ, ಪ್ರಶ್ನೆಪತ್ರಿಕೆಯ ಕಟ್ಟು ನನ್ನ ಚೀಲದಲ್ಲಿತ್ತು. ಲಾರಿಯವರು, ಕಾರಿನವರು, ಪಾಳಿಗೆ ಹೊರಟ ಕಾರ್ಖಾನೆಯ ಹೆಣ್ಣುಮಕ್ಕಳು ಅವಳನ್ನು ಸುತ್ತುವರಿದಿದ್ದರು. "ಇವಳಪ್ಪನ ಮನೆ ಸೇತುವೇನಾ?" ಎಂದು ಒಬ್ಬ. "ತಲೆ ಕೆಟ್ಟಿದೆ, ಎಳೆದು ಹಾಕ್ರೋ" ಎಂದು ಇನ್ನೊಬ್ಬ. ನಾನೂ ಬಾಯಿ ಬಿಟ್ಟೆ. "ಏನಮ್ಮಾ ಇದು? ಒಂದು ಬಾವುಟ ಸಿಕ್ತು ಅಂತ ದರ್ಬಾರು ನಡೆಸ್ತೀಯಾ? ಇನ್ನೂರು ಮಕ್ಕಳು ಕಾಯ್ತಾ ಇದಾರೆ ಅಲ್ಲಿ!"

ಅವಳು ನನ್ನ ಕಡೆ ತಿರುಗಿದಳು. "ಆ ಕಾಗದ ಬರೆದವರು ನೀವೇ ಅಲ್ವಾ ಮೇಷ್ಟ್ರೇ? ಬರೆದದ್ದು ನಿಜ ಅಂತ ನಿಮಗೇ ನಂಬಿಕೆ ಇರಲಿಲ್ವಾ?"

ನಾನು ಒಂದು ಹೆಜ್ಜೆ ಹಿಂದೆ ಸರಿದು ಗುಂಪಿನೊಳಗೆ ಸೇರಿಕೊಂಡೆ.

ಗುಂಪಿನಲ್ಲಿ ಅವಳ ಸೊಸೆಯೂ ಇದ್ದಳು. ಆಚೆ ದಡದ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಕೆಲಸ, ಆ ವಾರ ಹನ್ನೊಂದಕ್ಕೆ ಶುರುವಾಗುವ ಪಾಳಿ. ಗಂಡ ದೂರದ ಕಲ್ಲುಗಣಿಯಲ್ಲಿ ಟಿಪ್ಪರು ಓಡಿಸುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುವವನು. ಅವಳು ಜನರ ಎದುರೇ ಅತ್ತೆಯ ಕೈ ಹಿಡಿದುಕೊಂಡಳು. "ಅತ್ತೆ, ಕಾಲಿಗೆ ಬೀಳ್ತೀನಿ. ಈ ತಿಂಗಳು ಎರಡು ಸಲ ತಡ ಆಗಿದೆ. ಮೂರನೇದಾದ್ರೆ ಗೇಟಿನ ಒಳಗೆ ಬಿಡಲ್ಲ. ನಡ್ಕೊಂಡಾದ್ರೂ ಹೋಗ್ತೀನಿ, ಬಿಡಿ."

"ನಡೆಯೋರನ್ನೂ ಬಿಡಲ್ಲ."

"ನನ್ನನ್ನೂ?"

"ನಿನ್ನನ್ನ ಮೊದಲು ಬಿಡಲ್ಲ" ಎಂದಳು ಬಾವುಟದಕ್ಕ.

ಹತ್ತೂವರೆಗೆ ಒಂದು ಕಾರ್ಖಾನೆಯ ವ್ಯವಸ್ಥಾಪಕ ಬಂದ. ಇಸ್ತ್ರಿ ಹಾಕಿದ ಅಂಗಿ, ಕಿವಿಗೊಂದು ಫೋನು. ಅವನು ಕಿರುಚಲಿಲ್ಲ, ಅದೇ ಹೆಚ್ಚು ಉರಿಸಿತು. "ನೋಡಮ್ಮ, ಬಂದರಿನಲ್ಲಿ ಹಡಗು ಕಾಯ್ತಿದೆ. ಒಂದು ಗಂಟೆ ತಡ ಆದರೆ ದೇಶಕ್ಕೆ ಎಷ್ಟು ನಷ್ಟ ಗೊತ್ತಾ?"

ಬಾವುಟದಕ್ಕನ ಪಿತ್ತ ನೆತ್ತಿಗೇರಿತು. "ದೇಶ ಅಂದ್ರೆ ನಿಮ್ಮ ಹಡಗಾ ಸ್ವಾಮಿ? ಹನ್ನೆರಡು ಟನ್ನಿಗೆ ಕಟ್ಟಿದ್ದರ ಮೇಲೆ ನಲವತ್ತು ಟನ್ನು ಓಡಿಸಿದ್ರಿ. ನಾನು ನಿಲ್ಲಿಸಿದ್ರೆ ಫೋನು ಮಾಡಿ ಬಿಡಿಸಿದ್ರಿ. ಆವಾಗ ದೇಶ ಎಲ್ಲಿಗೆ ಹೋಗಿತ್ತು? ಬನ್ನಿ, ಕೆಳಗೆ ತೋರಿಸ್ತೀನಿ. ನಿಮ್ಮ ಲಾರಿ ಕೆಳಗೆ ನೀವೇ ಒಂದು ಗಂಟೆ ನಿಂತ್ಕೊಳ್ಳಿ. ಆಮೇಲೆ ಬಾವುಟ ಇಳಿಸ್ತೀನಿ!"

ವ್ಯವಸ್ಥಾಪಕ ಗಡಿಯಾರ ನೋಡಿಕೊಂಡ. ಕೆಳಗಿಳಿಯಲಿಲ್ಲ.

ಪೊಲೀಸರು ಬಂದರು. ಇಬ್ಬರು ಅವಳ ತೋಳು ಹಿಡಿದರು, ಒಬ್ಬ ಬಾವುಟ ಕಿತ್ತುಕೊಂಡ. ಅವಳು ರಸ್ತೆಯ ಮೇಲೆ ಕೂತೇಬಿಟ್ಟಳು. ಒಬ್ಬ ಡ್ರಮ್ಮು ಸರಿಸಿದ. ಮುಂದಿದ್ದ ಕಂಟೇನರಿನ ಚಾಲಕ ಇಂಜಿನು ಚಾಲೂ ಮಾಡಿದ. ಆಗ ಕಿರಿಯ ಇಂಜಿನಿಯರು ಮೋಟಾರು ಬೈಕಿನಲ್ಲಿ ಬಂದಿಳಿದ. ಅತಿಥಿಗಳು ಬರುವ ಮೊದಲು ದಾರಿ ಬಿಡಿಸಿ ಬಾ ಎಂದು ಮೇಲಿನವರು ಅಟ್ಟಿದ್ದರು. ಅವನನ್ನು ನೋಡಿದ್ದೇ ಅವಳು ನೆಲದಿಂದಲೇ ಕೂಗಿದಳು. "ಸರ್, ಹತ್ತು ನಿಮಿಷ ಕೆಳಗಿಳಿದು ನೋಡಿ. ನೋಡಿದ ಮೇಲೂ ಬಿಡು ಅಂದ್ರೆ ನಾನೇ ಹಸಿರು ಬೀಸ್ತೀನಿ."

ಅವನು ಒಂದು ಕ್ಷಣ ಗುಂಪನ್ನು ನೋಡಿದ, ಒಂದು ಕ್ಷಣ ಅವಳನ್ನು. ಆಮೇಲೆ ಲಾರಿಯವನಿಗೆ ತಡಿ ಎಂದು ಕೈ ತೋರಿಸಿ, ಬೂಟು ಕಳಚಿ ದಡ ಇಳಿದ. ನಾನೂ ಹಿಂದೆ ಹೋದೆ; ಯಾಕೆ ಹೋದೆನೋ, ಅವಮಾನ ಕಾಲಿಗೆ ಚಕ್ರ ಕಟ್ಟಿತ್ತೋ ಏನೋ. ಮೂರನೇ ಕಂಬದ ಬುಡದಲ್ಲಿ ಮರಳಿರಲಿಲ್ಲ. ಒಂದು ಬದಿಯ ಬುನಾದಿ ಕಲ್ಲುಗಳು ಜಾರಿ ಗುಂಡಿಯಲ್ಲಿ ಬಿದ್ದಿದ್ದವು. ಮೂರಾಳೆತ್ತರದ ಕಂಬದ ಕೆಳಗೆ ನನ್ನ ಕೈಯಲ್ಲಿದ್ದ ಕೊಡೆ ಸಲೀಸಾಗಿ ತೂರಿತು. ಇಂಜಿನಿಯರು ಕೊಡೆ ಹಿಡಿದ ನನ್ನ ಕೈಯನ್ನು ಹಿಂದಕ್ಕೆ ಎಳೆದ. "ಮೇಲೆ ಹೋಗಿ ಮೇಷ್ಟ್ರೇ, ಬೇಗ" ಎಂದ. ತಾನು ಓಡಿಹೋಗಿ ಕಂಟೇನರಿನ ಮುಂದೆ ಎರಡೂ ಕೈ ಚಾಚಿ ನಿಂತ.

ಸೇತುವೆ ಅಧಿಕೃತವಾಗಿ ಮುಚ್ಚಿತು. ಅತಿಥಿಗಳು ಆ ದಿನ ಹೋಟೆಲಿನಲ್ಲೇ ಕಾರ್ಖಾನೆಗಳ ಚಿತ್ರ ನೋಡಿಕೊಂಡು ಮರಳಿದರಂತೆ.

ಇಲ್ಲಿಗೆ ಮುಗಿದಿದ್ದರೆ ಅವಳನ್ನು ಹೊತ್ತು ಮೆರೆಸಿದರು ಎಂದು ಬರೆಯಬಹುದಿತ್ತು. ಆದದ್ದು ಬೇರೆ. ಆಚೆ ದಡಕ್ಕೆ ಹೋಗಲು ಅರವತ್ತು ಕಿಲೋಮೀಟರು ಸುತ್ತಬೇಕಾಯಿತು. ಸೊಸೆಯ ಕೆಲಸ ಮೂರನೇ ದಿನಕ್ಕೆ ಹೋಯಿತು. ಅವಳ ಹಾಗೆ ಸಾವಿರಾರು ಹೆಣ್ಣುಮಕ್ಕಳದು. ಬೀದಿಯಲ್ಲಿ ನಲ್ಲಿಯ ಮುಂದೆ ನಿಂತರೆ ಜನ ಬಾವುಟದಕ್ಕನ ಕೊಡ ಹಿಂದಕ್ಕೆ ತಳ್ಳುತ್ತಿದ್ದರು. "ಸೇತುವೆ ಬಿತ್ತಾ? ಬೀಳಲಿಲ್ಲವಲ್ಲ! ಸುಮ್ನೆ ನಮ್ಮ ಹೊಟ್ಟೆ ಮೇಲೆ ಹೊಡೆದ್ಲು." ಮನೆಯಲ್ಲಿ ಸೊಸೆ ಮಾತು ಬಿಟ್ಟಳು. ಒಂದೇ ಕೋಣೆಯ ಮನೆ. ಒಬ್ಬಳು ಒಲೆಯ ಕಡೆ ಮುಖ, ಇನ್ನೊಬ್ಬಳು ಬಾಗಿಲ ಕಡೆ ಮುಖ. ಇಲಾಖೆ ಅವಳನ್ನು ಅಮಾನತಿನಲ್ಲಿಟ್ಟು ನೋಟೀಸು ಕೊಟ್ಟಿತು: ಅಧಿಕಾರವಿಲ್ಲದೆ ಸಾರ್ವಜನಿಕ ಸಂಚಾರ ತಡೆದದ್ದೇಕೆ?

ಆಮೇಲೆ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ದಾರಿ ಆಗದಿದ್ದರೆ ಬೇರೆ ಕಡೆಗೆ ಹೋಗುತ್ತೇವೆಂದು ಕಾರ್ಖಾನೆಗಳವರು ಸರ್ಕಾರಕ್ಕೆ ಬರೆದಿದ್ದರು. ಬರೆದ ನಾಲ್ಕನೇ ದಿನ ನದಿಗೆ ಕ್ರೇನುಗಳಿಳಿದವು. ಮೂರು ಇಲಾಖೆಗಳೂ ಒಂದೇ ಡೇರೆಯಲ್ಲಿ ಕೂತವು. ಹಳೇ ಸೇತುವೆಯ ಪಕ್ಕದಲ್ಲಿ ಕಬ್ಬಿಣದ ತಾತ್ಕಾಲಿಕ ಸೇತುವೆ, ಎರಡು ಸಾಲಿನದು, ನಲವತ್ತು ದಿನದಲ್ಲಿ ನಿಂತಿತು.

ಉದ್ಘಾಟನೆಯ ದಿನ ನಾನು ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಹೋಗಿದ್ದೆ, ಅದೂ ಆದೇಶ. ಭಾಷಣ ಮುಗಿದು ಚಪ್ಪಾಳೆ ನಿಲ್ಲುವ ಹೊತ್ತಿಗೆ ಜನರ ನಡುವಿನಿಂದ ಒಂದು ಧ್ವನಿ ಎದ್ದಿತು. ಲಾರಿಗಳ ಸದ್ದಿನ ಮೇಲೆ ಕೂಗಿ ಪಳಗಿದ ಧ್ವನಿ, ಅದಕ್ಕೆ ಮೈಕು ಬೇಕಿರಲಿಲ್ಲ.

"ನಲವತ್ತು ದಿನದಲ್ಲಿ ಆಗೋ ಕೆಲಸಾನಾ ಇದು? ನಲವತ್ತು ದಿನ! ನನ್ನ ಗಂಡ ಹದಿನಾಲ್ಕು ವರ್ಷ ಕೇಳಿ ಸತ್ತ. ನಾನು ಹತ್ತೊಂಬತ್ತು ವರ್ಷ ಕೇಳಿದೆ. ಜನ ಹೋಗೋವಾಗ ದುಡ್ಡಿರಲಿಲ್ಲ, ಜಾಗ ಇರಲಿಲ್ಲ, ಒಪ್ಪಿಗೆ ಇರಲಿಲ್ಲ. ಕಾರ್ಖಾನೆ ಹೋಗ್ತೀನಿ ಅಂದಾಗ ಎಲ್ಲಾ ಎಲ್ಲಿಂದ ಬಂತು? ಯಾರಾದ್ರೂ ಒಬ್ರು ಹೇಳಿ!"

ವೇದಿಕೆಯವರು ಶಾಮಿಯಾನದ ಮೇಲ್ಭಾಗ ನೋಡಿದರು. ಪೊಲೀಸರು ಅವಳನ್ನು ಹೊರಗೆ ಕರೆದುಕೊಂಡು ಹೋದರು. ನನ್ನ ಸಾಲಿನ ಒಬ್ಬ ಹುಡುಗಿ "ಸರ್, ಅವರು ಕೇಳಿದ್ದು ಸರಿ ಅಲ್ವಾ?" ಎಂದಳು. ಸರಿ ಎಂದೆ, ಗಟ್ಟಿಯಾಗಿಯೇ. ಅಷ್ಟೇ ನನ್ನಿಂದಾದದ್ದು.

ವಿಚಾರಣೆ ನಡೆಯಿತು. ಸೀಟಿ ಮಾವನನ್ನು ಮೊದಲು ಕರೆದರು. "ಯಾರ ಆದೇಶದ ಮೇಲೆ ನಿಲ್ಲಿಸಿದೆ?" "ನನಗೆ ಕಣ್ಣು ಮಂದ ಸ್ವಾಮಿ. ಆ ಕಡೆ ಹಸಿರು ಕಂಡ ಹಾಗಾಯ್ತು, ಈ ಕಡೆ ಕೆಂಪು ಹಿಡಿದೆ. ಮೂವತ್ತು ವರ್ಷದಿಂದ ಕಲಿಸಿದ್ದು ಅಷ್ಟೇ ಅಲ್ವಾ ನೀವು?" ವಿಚಾರಣಾಧಿಕಾರಿ ಅದನ್ನೇ ಬರೆದುಕೊಂಡು ಮುಂದಿನವರನ್ನು ಕರೆದ. ಬಾವುಟದಕ್ಕ ತನ್ನ ಸರದಿಯಲ್ಲಿ ಒಂದೇ ಮಾತು ಹೇಳಿದಳು: "ತಪ್ಪು ಮಾಡಿದೀನಿ. ಐದು ವರ್ಷ ಮೊದಲೇ ಮುಚ್ಚಬೇಕಿತ್ತು." ಕೊನೆಗೆ ಅಧಿಕಾರ ಮೀರಿದ ವರ್ತನೆ ಎಂದು ಬರೆದು, ಕೆಲಸ ಉಳಿಸಿ, ಇಲಾಖೆಯ ಉಗ್ರಾಣಕ್ಕೆ ವರ್ಗ ಮಾಡಿದರು. ಸಕಾಲಿಕ ಕ್ರಮಕ್ಕಾಗಿ ಪ್ರಶಂಸಾಪತ್ರ ಬಂದದ್ದು ಕಿರಿಯ ಇಂಜಿನಿಯರಿಗೆ.

ಅವನು ಉಗ್ರಾಣಕ್ಕೆ ಬಂದ ದಿನ ನಾನೂ ಅಲ್ಲಿದ್ದೆ. ತುಕ್ಕು ಹಿಡಿದ ಫಲಕಗಳು, ಡಾಂಬರಿನ ವಾಸನೆ, ಒಂದು ಮುರುಕು ಕುರ್ಚಿ. ಅವನು ನಿಂತೇ ಇದ್ದ.

"ಅಕ್ಕ, ಆ ಕಂಬದ ಬಗ್ಗೆ ನಾನೂ ಆರು ಸಲ ವರದಿ ಬರೆದಿದ್ದೆ. ನಂಬಿ."

"ನಂಬ್ತೀನಪ್ಪ. ನೀವು ಬರೆದ್ರಿ, ಮೇಷ್ಟ್ರೂ ಬರೆದ್ರು. ಎಲ್ಲರೂ ಚೆನ್ನಾಗಿ ಬರೀತೀರಿ." ಅವಳು ಲೆಕ್ಕ ಹಾಕುತ್ತಿದ್ದ ಸಲಿಕೆಗಳನ್ನು ಕೆಳಗಿಟ್ಟಳು. "ಬರೆದ ಮೇಲೆ ಅದೇ ಸೇತುವೆ ಮೇಲೆ ದಿನಾ ಜನರನ್ನ ಬಿಟ್ರಲ್ಲ, ಅದು ಹೇಗೆ ಸಾಧ್ಯ ಆಯ್ತು ನಿಮಗೆ?"

ಅವನು ಬಗ್ಗಿ ಒಂದು ಸಲಿಕೆ ಎತ್ತಿ ಗೋಡೆಗೆ ಒರಗಿಸಿದ. ನಾನು ಇನ್ನೊಂದನ್ನು ಎತ್ತಿದೆ.

ಸೊಸೆಗೆ ಈಚೆ ದಡದ ಹೊಲಿಗೆ ಘಟಕವೊಂದರಲ್ಲಿ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಆದರೆ ನಡೆದು ಹೋಗಬಹುದು. ಮಾತು ಮಾತ್ರ ಶುರುವಾಗಿರಲಿಲ್ಲ. ಮಳೆಗಾಲದ ಎರಡನೇ ತಿಂಗಳಲ್ಲಿ ನದಿ ತುಂಬಿ ಬಂತು. ಒಂದು ಮಧ್ಯಾಹ್ನ ಮೂರು ಗಂಟೆಗೆ, ಪಾಳಿ ಬದಲಾಗುವ ಹೊತ್ತಿನಲ್ಲಿ, ಹಳೇ ಸೇತುವೆಯ ಮೂರನೇ ಕಂಬ ವಾಲಿ ಎರಡು ತುಂಡುಗಳು ನೀರಿಗೆ ಬಿದ್ದವು. ಮೇಲೆ ಒಂದು ನಾಯಿಯೂ ಇರಲಿಲ್ಲ. ಯಾರೂ ಸಾಯದ್ದರಿಂದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು: ಶಿಥಿಲ ಸೇತುವೆ ಕುಸಿತ, ಇಲಾಖೆಯ ಮುನ್ನೆಚ್ಚರಿಕೆಯಿಂದ ಅನಾಹುತ ತಪ್ಪಿತು.

ಇಲಾಖೆಯ ಮುನ್ನೆಚ್ಚರಿಕೆ! ನಾನು ಆ ಹಾಳೆ ಹಿಡಿದು ಅವಳ ಮನೆಗೆ ಓಡಿದೆ. ಸೊಸೆ ಬಾಗಿಲಲ್ಲಿ ಕೂತಿದ್ದಳು, ಸುದ್ದಿ ಆಗಲೇ ಮುಟ್ಟಿತ್ತು. ಕಣ್ಣು ಕೆಂಪಗಿದ್ದವು. "ಮೂರು ಗಂಟೆ ಪಾಳಿ ನಂದೂ ಆಗಿತ್ತು ಸರ್, ಎಷ್ಟೋ ದಿನ" ಎಂದಳು. ಆಮೇಲೆ ಒಳಗೆ ತಿರುಗಿ, ಎಷ್ಟೋ ತಿಂಗಳ ಮೇಲೆ, "ಅತ್ತೆ, ಮೇಷ್ಟ್ರು ಬಂದಿದಾರೆ. ಟೀ ಇಡ್ಲಾ?" ಎಂದು ಕೇಳಿದಳು.

ಬಾವುಟದಕ್ಕ ಹೊರಗೆ ಬಂದು ಹಾಳೆಯನ್ನು ನನ್ನಿಂದ ಓದಿಸಿಕೊಂಡಳು. ಗೆದ್ದೆ ಎಂಬ ಒಂದು ಗೆರೆಯೂ ಮುಖದಲ್ಲಿ ಮೂಡಲಿಲ್ಲ.

"ಕಬ್ಬಿಣದ ಸೇತುವೆ ಬೋರ್ಡಿನಲ್ಲಿ ಎಷ್ಟು ಟನ್ನು ಅಂತ ಬರೆದಿದಾರೆ ಮೇಷ್ಟ್ರೇ?"

"ಇಪ್ಪತ್ತು."

"ಅದರ ಮೇಲೆ ಏನು ಓಡ್ತಾ ಇದೆ?"

ಅಂದು ಬೆಳಿಗ್ಗೆ ನನ್ನ ಬಸ್ಸಿನ ಮುಂದೆ ಕಂಟೇನರು ಲಾರಿಯೇ ಇತ್ತು.

"ಟೀ ಕುಡೀರಿ" ಎಂದಳು. "ಕುಡಿದು ಇನ್ನೊಂದು ಕಾಗದ ಬರೀರಿ. ಈ ಸಲ ಕೆಳಗೆ ನಿಮ್ಮ ಹೆಸರೂ ಹಾಕಿ, ನಿಮ್ಮ ಸಹೀನೂ ಇರಲಿ. ಉತ್ತರ ಬರದಿದ್ರೆ ಇಬ್ಬರೂ ಹೋಗಿ ಆ ಕಚೇರಿ ಬಾಗಿಲಲ್ಲಿ ಕೂತ್ಕೊಳ್ಳೋಣ."

ಸಹಿ ಹಾಕಿದೆ. ಉತ್ತರ ಬಂದಿಲ್ಲ. ಬರುವ ಸೋಮವಾರ ನಾನು ಶಾಲೆಗೆ ರಜೆ ಹಾಕಬೇಕಿದೆ.